ನಡು ಬಿಡಿ, ಅಂಚು ನೋಡಿ

ಮೈಸೂರಿನಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿಗೆ ಫೋಟೋ ಪ್ರಾಜೆಕ್ಟ್ ಕೊಟ್ಟರೆ ಮೊದಲ ವಾರ ಏನೇನು ಬರುತ್ತದೆ ಅಂತ ನೋಡದೆಯೇ ಹೇಳಬಲ್ಲೆ. ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿ, ದೀಪ ಹಾಕಿದ ಅರಮನೆ, ಬೆಟ್ಟದ ನಂದಿ, ಕುಕ್ಕರಹಳ್ಳಿ ಕೆರೆಯ ಸೂರ್ಯಾಸ್ತ. ಇದರಲ್ಲಿ ತಪ್ಪೇನಿಲ್ಲ. ಆ ವಯಸ್ಸಿನಲ್ಲಿ ಕಣ್ಣಿಗೆ ಹೊಡೆಯುವಂಥದ್ದೇ ಮೊದಲು ಕಾಣುವುದು. ನನ್ನ ತಕರಾರು ಚಿತ್ರದ ಕೆಳಗೆ ಅವರು ಬರೆಯುವ ಎರಡು ಸಾಲಿನ ಬಗ್ಗೆ. ‘ಇಲ್ಲಿ ರೂಲ್ ಆಫ್ ಥರ್ಡ್ಸ್ ಬಳಸಲಾಗಿದೆ’, ‘ಇಲ್ಲಿ ಲೀಡಿಂಗ್ ಲೈನ್ಸ್ ಬಳಸಲಾಗಿದೆ’. ಮೊದಲನೆಯದು ಚೌಕಟ್ಟನ್ನು ಮೂರು ಪಾಲು ಮಾಡಿ ವಸ್ತು ಕೂರಿಸುವ ನಿಯಮ, ಎರಡನೆಯದು ಕಣ್ಣನ್ನು ವಸ್ತುವಿನ ಕಡೆಗೆ ಕರೆದೊಯ್ಯುವ ಗೆರೆ. ಚಿತ್ರ ನೋಡಿದರೆ ಬಲಗಡೆ ಯಾರದೋ ಅರ್ಧ ಮೊಣಕೈ, ಮೇಲೆ ನೀಲಿ ಟಾರ್ಪಾಲಿನ ತುದಿ, ಕೆಳಗಿನ ಮೂಲೆಯಲ್ಲಿ ಹರಿದ ಪ್ಲಾಸ್ಟಿಕ್ ಕವರ್. ‘ಇದೇನಮ್ಮ ಇಲ್ಲಿ?’ ಅಂತ ಬೆರಳಿಟ್ಟು ಕೇಳಿದರೆ, ‘ಅಯ್ಯೋ ಮೇಡಂ, ತೆಗೆಯುವಾಗ ಅದು ಇರಲೇ ಇಲ್ಲ’ ಅಂತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಅವರ ಪಾಲಿಗೆ ಅದು ನಿಜವಾಗಿಯೂ ಇರಲಿಲ್ಲ.

ಹಾಗಾಗಿ ನಾನು ಸಂಯೋಜನೆಯ, ಅಂದರೆ ಚೌಕಟ್ಟಿನೊಳಗೆ ಯಾವುದು ಎಲ್ಲಿರಬೇಕು ಅನ್ನುವುದರ ಪಾಠವನ್ನು ನಿಯಮಗಳಿಂದ ಶುರು ಮಾಡುವುದಿಲ್ಲ. ಅಂಚಿನಿಂದ ಶುರು ಮಾಡುತ್ತೇನೆ. ಚೌಕಟ್ಟಿಗೆ ನಾಲ್ಕು ಅಂಚಿದೆ. ಒತ್ತುವ ಮುಂಚೆ ಎಡ ಮೇಲ್ಮೂಲೆಯಿಂದ ಹೊರಟು ಒಂದು ಸುತ್ತು ಬಾ, ಅಲ್ಲಿ ಏನಿದೆ ನೋಡು, ಆಮೇಲೆ ಒತ್ತು. ಮೊದಲ ಎರಡು ವಾರ ಇಷ್ಟೇ ಪಾಠ. ಮೂರು ಪಾಲು, ಕರೆದೊಯ್ಯುವ ಗೆರೆ, ಚೌಕಟ್ಟಿನೊಳಗಿನ ಚೌಕಟ್ಟು, ಖಾಲಿ ಜಾಗ, ಯಾವುದರ ಹೆಸರನ್ನೂ ಎತ್ತುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ನೋಡಿಕೊಂಡು ಬಂದವರು ಎತ್ತಿದರೆ, ಆಮೇಲೆ ಮಾತಾಡೋಣ ಅನ್ನುತ್ತೇನೆ.

ಯಾಕೆ ಅಂಚು ಕಾಣುವುದಿಲ್ಲ ಅನ್ನುವುದಕ್ಕೆ ಕಾರಣ ಕಣ್ಣಿನಲ್ಲೇ ಇದೆ. ನಾವು ಚೊಕ್ಕವಾಗಿ ನೋಡುವುದು ನೋಟದ ನಡುವಿನ ತೀರಾ ಸಣ್ಣ ಭಾಗವನ್ನು, ಹೆಚ್ಚುಕಡಿಮೆ 2 ಡಿಗ್ರಿಯಷ್ಟನ್ನು. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ಸುಮಾರು ಅಷ್ಟಿರುತ್ತದೆ. ಮಿಕ್ಕಿದ್ದೆಲ್ಲ ಮಸುಕು. ಕಣ್ಣು ಅಲ್ಲಿಂದಿಲ್ಲಿಗೆ ಓಡಾಡಿ, ಮನಸ್ಸು ಬೇಕಾದ್ದನ್ನು ಜೋಡಿಸಿಕೊಂಡು, ಬೇಡದ್ದನ್ನು ಬಿಟ್ಟು ಒಂದು ದೃಶ್ಯ ಕಟ್ಟಿಕೊಡುತ್ತದೆ. ಕ್ಯಾಮೆರಾ ಹಾಗೆ ಏನನ್ನೂ ಬಿಡುವುದಿಲ್ಲ. ಮಲ್ಲಿಗೆ ಕಟ್ಟುವ ಅಜ್ಜಿಯ ಮುಖಕ್ಕೂ ಅವಳ ಹಿಂದಿನ ಪ್ಲಾಸ್ಟಿಕ್ ಕವರಿಗೂ ಅದು ಒಂದೇ ಮರ್ಯಾದೆ ಕೊಡುತ್ತದೆ. ಮೇಲಾಗಿ ಈಗ ಮಕ್ಕಳ ಕೈಯಲ್ಲಿರುವುದು ಮೊಬೈಲು. ಅದರ ಮುಖ್ಯ ಕ್ಯಾಮೆರಾ ಹಳೆಯ 35 ಎಂ.ಎಂ. ಫಿಲ್ಮಿನ ಲೆಕ್ಕದಲ್ಲಿ 24ರಿಂದ 26 ಎಂ.ಎಂ. ಲೆನ್ಸಿಗೆ ಸಮ, ಅಂದರೆ ಸಾಕಷ್ಟು ಅಗಲ. ನಾವು ಗಮನವಿಟ್ಟು ನೋಡುವುದಕ್ಕಿಂತ ಎಷ್ಟೋ ಹೆಚ್ಚು ಅದರೊಳಗೆ ಬಂದು ಕೂರುತ್ತದೆ. ‘ಮೇಡಂ, ನೋಡುವಾಗ ದೊಡ್ಡದಾಗಿತ್ತು, ಫೋಟೋದಲ್ಲಿ ಯಾಕೆ ಇಷ್ಟು ಚಿಕ್ಕದು?’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆರಳಿನಲ್ಲಿ ಝೂಮ್ ಮಾಡಿದರೆ ಬಹುಪಾಲು ಫೋನುಗಳು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತವೆ. ಅದಕ್ಕೇ ಪ್ರಾಜೆಕ್ಟಿನಲ್ಲಿ ಝೂಮ್ ಇಲ್ಲ. ಹತ್ತಿರ ಬೇಕಾದರೆ ನಡೆದು ಹೋಗಬೇಕು.

ಈ ಅಂಚಿನ ಹುಚ್ಚು ನನಗೆ ಅಂಟಿದ್ದು ಮನೆಯಲ್ಲಿ. ಕೆ.ಆರ್. ನಗರದಲ್ಲಿ ನಮ್ಮಪ್ಪನಿಗೆ ಸ್ಟುಡಿಯೋ ಇತ್ತು. ನಾನು ಚಿಕ್ಕವಳಿದ್ದಾಗ ಅಲ್ಲಿ ಮರದ ದೊಡ್ಡ ಸ್ಟ್ಯಾಂಡ್ ಕ್ಯಾಮೆರಾ ಇನ್ನೂ ಬಳಕೆಯಲ್ಲಿತ್ತು. ಕರಿ ಬಟ್ಟೆಯೊಳಗೆ ತಲೆ ತೂರಿಸಿದರೆ ಹಿಂದಿನ ಉಜ್ಜಿದ ಗಾಜಿನ ಮೇಲೆ ಎದುರಿಗೆ ಕೂತವರು ತಲೆಕೆಳಗಾಗಿ ಕಾಣುತ್ತಿದ್ದರು. ತಲೆಕೆಳಗಾದ ಮುಖ ಮುಖದ ಹಾಗೆ ಕಾಣುವುದಿಲ್ಲ, ಒಂದು ತಿಳಿಬಣ್ಣದ ಗುಂಡಗಿನ ಆಕಾರವಾಗಿ ಕಾಣುತ್ತದೆ. ಸೀರೆ ಒಂದು ಕಪ್ಪು ತ್ರಿಕೋನ. ಕುರ್ಚಿಯ ಕೈ ಒಂದು ಗೆರೆ. ಅವು ಗಾಜಿನ ಮೇಲೆ ಎಲ್ಲಿ ಕೂತಿವೆ, ಅಂಚಿಗೆ ಎಷ್ಟು ತಾಗಿವೆ ಅನ್ನುವುದಷ್ಟೇ ಕಣ್ಣಿಗೆ ಬೀಳುತ್ತದೆ. ಅಪ್ಪ ಅದನ್ನು ಯಾವತ್ತೂ ಪಾಠ ಅಂತ ಹೇಳಲಿಲ್ಲ. ‘ಬಲಗಡೆ ಜಾಸ್ತಿ ಆಯ್ತು, ಆ ಹೂದಾನಿ ಸ್ವಲ್ಪ ಈಚೆ ತಳ್ಳು ಮಗಳೇ’ ಅನ್ನುತ್ತಿದ್ದರು. ಈಗ ನಾನು ಮಕ್ಕಳಿಗೆ ಮಾಡಿಸುವುದೂ ಅದನ್ನೇ. ತೆಗೆದ ಚಿತ್ರವನ್ನು ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ತಲೆಕೆಳಗೆ ಇಡಿಸುತ್ತೇನೆ. ಅರಮನೆ ಅನ್ನುವುದು, ಅಜ್ಜಿ ಅನ್ನುವುದು ಮರೆತುಹೋಗಿ ಬರೀ ಭಾರ, ಬೆಳಕು, ಗೆರೆ ಉಳಿಯುತ್ತವೆ. ಯಾವ ಕಡೆ ಚಿತ್ರ ವಾಲಿದೆ ಅನ್ನುವುದು ಆಗ ಬೆಂಚಿನ ಕೊನೆಯಲ್ಲಿ ಕೂತವರಿಗೂ ಕಾಣುತ್ತದೆ.

ಅಪ್ಪನ ಇನ್ನೊಂದು ಸಾಧನ ದಪ್ಪ ಕಾಗದದಲ್ಲಿ ಕತ್ತರಿಸಿದ ಎರಡು ‘ಎಲ್’ ಆಕಾರದ ಪಟ್ಟಿ. ಒಂದರ ಮೇಲೊಂದನ್ನು ಎದುರುಬದುರಾಗಿ ಇಟ್ಟರೆ ನಡುವೆ ಒಂದು ಕಿಟಕಿಯಾಗುತ್ತದೆ, ಸರಿಸಿದ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಎನ್‌ಲಾರ್ಜ್‌ಮೆಂಟಿಗೆ ಮುಂಚೆ ಅವರು ಪ್ರೂಫಿನ ಮೇಲೆ ಇವನ್ನಿಟ್ಟು ಎಲ್ಲಿಗೆ ಕತ್ತರಿಸಬೇಕು ಅಂತ ತೀರ್ಮಾನಿಸುತ್ತಿದ್ದರು. ಅವರ ಕಟ್ಟುನಿಟ್ಟಿನ ಮಾತು ಒಂದೇ: ‘ಕೀಲಿನ ಹತ್ರ ಕತ್ತರಿಸಬೇಡ.’ ಮಣಿಕಟ್ಟು, ಮೊಣಕೈ, ಮಂಡಿ, ಕಾಲ್ಗಂಟು, ಇಲ್ಲಿ ಅಂಚು ಬಿದ್ದರೆ ಅಂಗ ತುಂಡಾದಂತೆ ಕಾಣುತ್ತದೆ. ತೋಳಿನ ನಡುವೆಯೋ ತೊಡೆಯ ನಡುವೆಯೋ ಬಿದ್ದರೆ ಕೈಕಾಲು ಚೌಕಟ್ಟಿನಾಚೆಗೂ ಇದೆ ಅಂತ ನೋಡುವವರ ಮನಸ್ಸು ತಾನೇ ಪೂರ್ತಿಮಾಡಿಕೊಳ್ಳುತ್ತದೆ. ಭಾವಚಿತ್ರ ತೆಗೆಯುವವರಿಗೆಲ್ಲ ಗೊತ್ತಿರುವ ಹಳೆಯ ಮಾತು ಇದು. ಆದರೆ ಮೊಬೈಲಿನಲ್ಲಿ ತೆಗೆಯುವ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ದೇವರಾಜ ಮಾರುಕಟ್ಟೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಟಿ. ನರಸೀಪುರದ ಕಡೆಯಿಂದ ಓಡಾಡುವ ಒಬ್ಬ ಹುಡುಗಿ ಹೂವಿನ ಸಾಲನ್ನು ಆರಿಸಿಕೊಂಡಿದ್ದಳು. ಮೊದಲ ಕಂತಿನಲ್ಲಿ ತಂದದ್ದು ಎಲ್ಲರೂ ತರುವ ಚಿತ್ರ: ನಡುವೆ ಹೂವಿನಮ್ಮ, ಸುತ್ತ ಬುಟ್ಟಿಗಳು, ಅಮ್ಮ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಚೆನ್ನಾಗಿದೆ, ಆದರೆ ಅವರು ಏನು ಮಾಡುತ್ತಾರೆ ಅನ್ನುವುದು ಅದರಲ್ಲಿಲ್ಲ. ‘ನಿನಗೆ ಅಲ್ಲಿ ಏನು ಇಷ್ಟವಾಯ್ತು?’ ಅಂತ ಕೇಳಿದೆ. ‘ಅವರು ಮೊಳ ಹಾಕೋದು ಮೇಡಂ’ ಅಂದಳು. ಬೆರಳ ತುದಿಯಿಂದ ಮೊಣಕೈವರೆಗೆ ಮಾಲೆ ಎಳೆದು, ಮೊಣಕೈ ಹತ್ತಿರ ಹೆಬ್ಬೆರಳಲ್ಲಿ ಹಿಡಿದು, ಮತ್ತೆ ಎಳೆಯುವುದು. ಹಾಗಾದರೆ ಅದನ್ನೇ ತೆಗಿ ಅಂದೆ.

ಮುಂದಿನ ವಾರ ತಂದ ಚಿತ್ರದಲ್ಲಿ ಕೈ ಇತ್ತು, ಮಾಲೆ ಇತ್ತು, ಎಡ ಅಂಚು ಮಾತ್ರ ಸರಿಯಾಗಿ ಮೊಣಕೈ ಮೇಲೇ ಬಿದ್ದಿತ್ತು. ಮೊಳ ಮುಗಿಯುವ ಜಾಗವೇ ಕಾಣೆ. ಎರಡು ‘ಎಲ್’ ಪಟ್ಟಿ ಕೈಗೆ ಕೊಟ್ಟು, ಇದರಲ್ಲಿ ಎಲ್ಲಾದರೂ ಕತ್ತರಿಸಿ ಸರಿ ಮಾಡಲು ಆಗುತ್ತಾ ನೋಡು ಅಂದೆ. ಸುಮಾರು ಹೊತ್ತು ಸರಿಸಾಡಿ, ‘ಆಗಲ್ಲ ಮೇಡಂ, ಅದು ಆಚೆ ಉಳಿದುಬಿಟ್ಟಿದೆ, ಮತ್ತೆ ಹೋಗಬೇಕು’ ಅಂದಳು. ಹೋದಳು. ಅಷ್ಟರಲ್ಲಿ ಆ ಅಮ್ಮನಿಗೂ ಇವಳ ಗುರುತಾಗಿತ್ತು. ‘ಏನ್ ಮಗಾ, ಇವತ್ತಾದ್ರೂ ಹೂವ ತಗೊತೀಯಾ, ಬರೀ ಫೋಟೋನಾ?’ ಅಂತ ಕೇಳಿದರಂತೆ. ಒಂದು ಮೊಳ ತೆಗೆದುಕೊಂಡು ಮುಡಿದು, ಪಕ್ಕದ ಗೋಣಿಚೀಲದ ಮೇಲೆ ಕೂತು ಕಾದಿದ್ದಾಳೆ. ಕೂತಿದ್ದರಿಂದಲೇ ಎತ್ತರ ಬದಲಾಯಿತು. ನಿಂತು ತೆಗೆದಾಗ ಕೈಯ ಹಿಂದೆ ನೆಲದ ಕಸ ಬರುತ್ತಿತ್ತು. ಕೂತಾಗ ಕೈಯ ಹಿಂದೆ ಮಲ್ಲಿಗೆ ಅಂಗಡಿಯ ನೆರಳು ಬಂತು. ಕೊನೆಗೆ ತಂದ ಚಿತ್ರದಲ್ಲಿ ಮುಂಗೈ ಎಡ ಕೆಳಮೂಲೆಯಿಂದ ಬಲ ಮೇಲ್ಮೂಲೆಯ ಕಡೆಗೆ ಓರೆಯಾಗಿ ಹೋಗುತ್ತದೆ, ಅದರ ಉದ್ದಕ್ಕೂ ಬಿಳಿ ಮಾಲೆ, ಅಂಚು ತೋಳಿನ ನಡುವೆ ಬಿದ್ದಿದೆ, ಮೊಣಕೈ ಮತ್ತು ಹೆಬ್ಬೆರಳು ಎರಡೂ ಒಳಗಿವೆ. ಮುಖ ಇಲ್ಲ. ಕೈಯಲ್ಲಿರುವ ಹಸಿರು ಗಾಜಿನ ಬಳೆ, ಮೊಣಕೈ ಹತ್ತಿರ ದಾರ ಉಜ್ಜಿ ಒರಟಾದ ಚರ್ಮ, ಇಷ್ಟು ಸಾಕಾಗಿದೆ. ಆ ದಿನ ತರಗತಿಯಲ್ಲಿ ನಾನು ಮೊದಲ ಬಾರಿಗೆ ಡಯಾಗನಲ್ ಅನ್ನುವ ಪದ ಬಳಸಿದೆ. ಅವಳ ಚಿತ್ರ ತೋರಿಸಿ, ‘ಇದಕ್ಕೆ ಹೀಗಂತಾರೆ’ ಅಂದೆ. ಯಾರೂ ಬರೆದುಕೊಳ್ಳಲಿಲ್ಲ, ಯಾರಿಗೂ ಮರೆಯಲೂ ಇಲ್ಲ.

ನಿಯಮಗಳ ಬಗ್ಗೆ ನನ್ನ ನಿಲುವು ಇದು. ಹೆಸರು ಆಮೇಲೆ ಬರಬೇಕು, ಮಗುವಿನ ಸ್ವಂತ ಚಿತ್ರದ ಮೇಲೆ ಬರಬೇಕು. ಮೊದಲೇ ಕೊಟ್ಟರೆ ಮಕ್ಕಳು ಮಾರುಕಟ್ಟೆಯಲ್ಲಿ ನಿಯಮಕ್ಕೆ ಹೊಂದುವ ವಸ್ತು ಹುಡುಕುತ್ತಾ ತಿರುಗುತ್ತಾರೆ. ಎಲ್ಲಿ ಗೆರೆ ಇದೆ, ಎಲ್ಲಿ ಕಮಾನಿದೆ ಅಂತ. ಎದುರಿಗಿರುವ ಮನುಷ್ಯ ಆಗ ಕಾಣುವುದಿಲ್ಲ.

ಮೂರು ಪಾಲಿನ ನಿಯಮವನ್ನೇ ತೆಗೆದುಕೊಳ್ಳಿ. ಫೋನಿನ ಸೆಟ್ಟಿಂಗ್ಸಿನಲ್ಲಿ ಗ್ರಿಡ್ ಹಾಕಿದರೆ ಎರಡು ಅಡ್ಡ, ಎರಡು ಉದ್ದ ಗೆರೆ ಬರುತ್ತವೆ. ಅವು ಕೂಡುವ ನಾಲ್ಕು ಬಿಂದುಗಳಲ್ಲಿ ಒಂದರ ಮೇಲೆ ವಸ್ತು ಇಟ್ಟರೆ ಚಿತ್ರ ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಈ ನಿಯಮಕ್ಕೆ ಹೆಸರಿಟ್ಟಿದ್ದು ಫೋಟೋಗ್ರಾಫರ್ ಅಲ್ಲ. ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳನ್ನು ಬರೆಯುವುದರ ಬಗ್ಗೆ ಮಾಡಿದ ಪುಸ್ತಕದಲ್ಲಿ ಇದು ಬರುತ್ತದೆ. ಫ್ರಾನ್ಸಿನ ದಾಗೇರ್ ಕಂಡುಹಿಡಿದ ವಿಧಾನದ ಫೋಟೋಗ್ರಫಿ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ, ಅಂದರೆ ನಾಲ್ಕು ದಶಕಗಳ ನಂತರ. ಸ್ಮಿತ್ ಮಾತಾಡಿದ್ದು ನಾಲ್ಕು ಬಿಂದುಗಳ ಬಗ್ಗೆಯೂ ಅಲ್ಲ, ಪಾಲಿನ ಬಗ್ಗೆ. ಚಿತ್ರದಲ್ಲಿ ನೆಲ, ನೀರು ಒಂದು ಪಾಲಾದರೆ ಆಕಾಶ ಎರಡು ಪಾಲಿರಲಿ, ಎರಡನ್ನೂ ಸಮಸಮ ಮಾಡಬೇಡಿ ಅನ್ನುವ ಧಾಟಿ ಅದು. ನನಗೆ ಈ ಹಳೆಯ ರೂಪವೇ ಹೆಚ್ಚು ಉಪಯೋಗ. ‘ಬಿಂದುವಿನ ಮೇಲೆ ಇಡು’ ಅಂದರೆ ಮಕ್ಕಳು ಬಿಂದು ನೋಡುತ್ತಾರೆ. ‘ಯಾವುದಕ್ಕೆ ಹೆಚ್ಚು ಜಾಗ ಕೊಡುತ್ತೀಯ?’ ಅಂದರೆ ಯೋಚಿಸುತ್ತಾರೆ.

ಕುಕ್ಕರಹಳ್ಳಿ ಕೆರೆಯಲ್ಲಿ ಹೆಜ್ಜಾರ್ಲೆಗಳಿವೆ, ನಮ್ಮ ಮಕ್ಕಳು ಪೆಲಿಕನ್ ಅಂತಲೇ ಅನ್ನುತ್ತಾರೆ. ಹುಣಸೂರಿನ ಒಬ್ಬ ಹುಡುಗನಿಗೆ ಫೋನಿನಲ್ಲಿ ಅದನ್ನು ದೊಡ್ಡದಾಗಿ ತೆಗೆಯಲು ಆಗಲಿಲ್ಲ ಅಂತ ಬೇಜಾರು. ಪಕ್ಕದಲ್ಲಿ ಯಾರೋ ಉದ್ದ ಲೆನ್ಸ್ ಹಿಡಿದು ನಿಂತಿದ್ದರಂತೆ. ‘ಅದು ಚಿಕ್ಕದಾಗೇ ಇರಲಿ, ಉಳಿದ ಜಾಗ ಯಾರಿಗೆ ಕೊಡ್ತೀಯ?’ ಅಂತ ಕೇಳಿದೆ. ಬೆಳಗಿನ ಹೊತ್ತು ಹೋಗಿ, ಕೆರೆಯ ಬೂದು ನೀರಿಗೆ ಇಡೀ ಚಿತ್ರ ಬಿಟ್ಟುಕೊಟ್ಟು, ಹಕ್ಕಿಯನ್ನು ಬಲ ಅಂಚಿನಿಂದ ಸ್ವಲ್ಪ ಒಳಗೆ ಇಟ್ಟು ತೆಗೆದ. ಹಕ್ಕಿ ಎಡಕ್ಕೆ ಮುಖ ಮಾಡಿದೆ, ಹಾಗಾಗಿ ಅದರ ಮುಂದೆ ಅಷ್ಟೂ ನೀರಿದೆ. ಅದೇ ಹಕ್ಕಿ ಬಲಕ್ಕೆ ತಿರುಗಿದ್ದಾಗಿನ ಚಿತ್ರವೂ ಅವನ ಫೋನಿನಲ್ಲಿತ್ತು. ಕೊಕ್ಕು ಅಂಚಿಗೆ ಕುಟ್ಟಿದ ಹಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟ ಮೇಲೆ ನೆಗೆಟಿವ್ ಸ್ಪೇಸ್, ಅಂದರೆ ಖಾಲಿ ಜಾಗದ ಬಗ್ಗೆ ನಾನು ಹೇಳಬೇಕಾದ್ದು ಬಹಳ ಉಳಿಯಲಿಲ್ಲ.

ಅರಮನೆಯಲ್ಲಿ ಪಾಠ ಉಲ್ಟಾ. 1912ರಲ್ಲಿ ಮುಗಿದ, ಹೆನ್ರಿ ಇರ್ವಿನ್ ನಕ್ಷೆಯ ಆ ಕಟ್ಟಡವೇ ನಡುಗೋಪುರದ ಎರಡೂ ಕಡೆ ಸಮವಾಗಿ ಹರಡಿಕೊಂಡಿದೆ. ಅಂಥದ್ದನ್ನು ಮೂರು ಪಾಲಿನ ಗೆರೆ ಮೇಲೆ ತಳ್ಳಿದರೆ ಏನೂ ಸಿಗುವುದಿಲ್ಲ. ಸಮ ಅಂದ ಮೇಲೆ ಪೂರ್ತಿ ಸಮ ಇರಬೇಕು. ನಡುವಿನ ಕಮಾನಿಗೆ ನೇರ ಎದುರು ನಿಂತಿದ್ದೀಯಾ ಅನ್ನುವುದನ್ನು ಕಮಾನು ನೋಡಿ ಹೇಳಲಾಗುವುದಿಲ್ಲ, ಎಡ ಅಂಚಿನಲ್ಲಿ ಎಷ್ಟು ಉಳಿದಿದೆ, ಬಲ ಅಂಚಿನಲ್ಲಿ ಎಷ್ಟು ಉಳಿದಿದೆ ಅಂತ ನೋಡಿ ಹೇಳಬೇಕು. ಒಂದು ಹೆಜ್ಜೆ ಆಚೀಚೆಯಾದರೂ ಸಾಲು ಕಮಾನುಗಳು ಒಂದು ಕಡೆ ಹಿಂಡಿಕೊಳ್ಳುತ್ತವೆ. ಭಾನುವಾರ ಸಂಜೆ ಲಕ್ಷದ ಹತ್ತಿರ ಬಲ್ಬು ಹೊತ್ತಿದಾಗ ನೂಕುನುಗ್ಗಲಿನಲ್ಲಿ ಆ ಒಂದು ಹೆಜ್ಜೆಗಾಗಿ ಕಾದು ನಿಲ್ಲುವ ತಾಳ್ಮೆ ಇದ್ದವರಿಗೆ ಮಾತ್ರ ಈ ಚಿತ್ರ.

ಒಂದು ದಿನ ಎಲ್ಲರನ್ನೂ ಸೋಮನಾಥಪುರಕ್ಕೆ ಕರೆದುಕೊಂಡು ಹೋಗುತ್ತೇನೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದೂ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚು, ಬೆಳಗ್ಗೆ ಬೇಗ ಹೋದರೆ ವಾಸಿ. ಬಾಗಿಲು ದಾಟಿದ ಕೂಡಲೇ ಮಹಾದ್ವಾರದ ಕಂಬಗಳ ನಡುವೆ ಮೂರು ಶಿಖರ ಕಾಣುವ ಜಾಗವಿದೆ, ಎಲ್ಲರೂ ಅಲ್ಲೇ ನಿಂತು ತೆಗೆಯುತ್ತಾರೆ. ನಮ್ಮವರೂ ತೆಗೆಯಲಿ. ಆಮೇಲೆ ನಾನು ಸುತ್ತಲಿನ ಕೈಸಾಲೆಗೆ ಕಳಿಸುತ್ತೇನೆ. 64 ಗೂಡುಗಳಿರುವ ಆ ಸಾಲಿನಲ್ಲಿ ಒಬ್ಬೊಬ್ಬರು ಒಂದೊಂದು ಕಂಬದ ಸಂದು ಹಿಡಿದು, ಒಳಗಿನ ಕತ್ತಲೆಯಿಂದ ಹೊರಗಿನ ದೇವಸ್ಥಾನವನ್ನು ನೋಡಬೇಕು. ಬೆಳಕಿನ ಲೆಕ್ಕ ಇಲ್ಲಿ ಮುಖ್ಯ. ಪರದೆಯ ಮೇಲೆ ಹೊರಗಿನ ಕಲ್ಲಿನ ಮೇಲೆ ಬೆರಳಿಟ್ಟು ಒತ್ತಿಹಿಡಿದರೆ ಬಹಳಷ್ಟು ಫೋನುಗಳಲ್ಲಿ ಬೆಳಕು ಅದಕ್ಕೇ ಕಟ್ಟಿಕೊಳ್ಳುತ್ತದೆ. ಕಂಬ ಕಪ್ಪಾಗಿ ಚೌಕಟ್ಟಾಗುತ್ತದೆ, ಅದರಾಚೆ ಬಳಪದ ಕಲ್ಲಿನ ಕೆತ್ತನೆ ಸ್ಪಷ್ಟವಾಗಿ ಬರುತ್ತದೆ. ಕಂಬ ಕಪ್ಪಾದ ಕೂಡಲೇ ಅಂಚಿನ ಕಸವೆಲ್ಲ ಅದರೊಳಗೆ ಮುಳುಗುತ್ತದೆ ಅನ್ನುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಕಾರಿನಲ್ಲಿ ಭಾರತ ಸುತ್ತಿದ ಫೋಟೋಗ್ರಾಫರ್ ರಘುಬೀರ್ ಸಿಂಗ್ ಅಂಬಾಸಡರ್ ಕಾರಿನ ಕಿಟಕಿ, ಬಾಗಿಲು, ಕನ್ನಡಿಗಳನ್ನೇ ಚೌಕಟ್ಟು ಮಾಡಿಕೊಂಡು ಒಂದು ಇಡೀ ಚಿತ್ರಮಾಲೆ ಮಾಡಿದ್ದರು ಅಂತ ಹೇಳುವುದು ಅಲ್ಲೇ, ಕೈಸಾಲೆಯಲ್ಲೇ. ವಾಪಸು ಬರುವಾಗ ಬಸ್ಸಿನ ಕಿಟಕಿಗಳಲ್ಲಿ ಎಲ್ಲರ ಫೋನೂ ಹೊರಬರುತ್ತದೆ.

ಆದರೆ ಸೋಮನಾಥಪುರಕ್ಕೆ ಕರೆದೊಯ್ಯುವುದು ಇದಕ್ಕಲ್ಲ, ಅಲ್ಲಿನ ಶಿಲ್ಪಿಗಳಿಗಾಗಿ. ಗೋಡೆಯ ಮೇಲಿನ ವಿಗ್ರಹಗಳ ಕೆಳಗೆ ಹಲವು ಕಡೆ ಮಲ್ಲಿತಮ್ಮ ಅನ್ನುವ ಹೆಸರು ಕೊರೆದಿದೆ. 13ನೇ ಶತಮಾನದ ಆ ಶಿಲ್ಪಿಗೆ ಒಂದು ಕಲ್ಲಿನ ಚಪ್ಪಡಿ, ಅಂದರೆ ಒಂದು ಚೌಕಟ್ಟು. ಮೂರ್ತಿಯ ತಲೆಯ ಮೇಲೆ ಬಳ್ಳಿ ಎಲೆಗಳ ಕಮಾನು ಬಾಗಿ ಬರುತ್ತದೆ, ಎತ್ತಿದ ಕೈಗಳು ಆ ಕಮಾನಿನ ಅಂಚಿನವರೆಗೂ ಹೋಗಿ ಅಲ್ಲಿ ನಿಲ್ಲುತ್ತವೆ, ಕೆಳಗೆ ಎರಡು ಕಡೆ ಪರಿವಾರದವರು ಮೂಲೆಗಳನ್ನು ತುಂಬಿ ನಿಂತಿರುತ್ತಾರೆ. ನಾನು ಮಕ್ಕಳಿಗೆ ಹೇಳುವುದು: ಮುಖ ಬಿಡಿ, ಮಲ್ಲಿತಮ್ಮ ಮೂಲೆಗಳಲ್ಲಿ ಏನು ಮಾಡಿದ್ದಾನೆ ನೋಡಿ. ಯಾವ ಮೂಲೆಯನ್ನೂ ಅವನು ಮರೆತಿಲ್ಲ. ಅಲ್ಲಿ ಖಾಲಿ ಬಿಡುವ ರುಚಿ ಇಲ್ಲ, ಇಡೀ ಜಾಗ ತುಂಬುವ ರುಚಿ. ಕೆರೆಯ ಚಿತ್ರ ತೆಗೆದ ಹುಣಸೂರಿನ ಹುಡುಗನಿಗೆ ಇದು ಇಷ್ಟವಾಗಲಿಲ್ಲ. ‘ತುಂಬಾ ಜಾಸ್ತಿ ಆಯ್ತು ಮೇಡಂ’ ಅಂದ. ನನಗೆ ಖುಷಿಯಾಯಿತು. ಹೊಯ್ಸಳ ಶಿಲ್ಪಿಯ ಜೊತೆ ಜಗಳ ಆಡಲು ಅವನಿಗೆ ಈಗ ತನ್ನದೊಂದು ಅಭಿರುಚಿ ಇತ್ತು.

ಇನ್ನು ನೀಲಿ ಟಾರ್ಪಾಲಿನ ವಿಷಯ. ಅಂಚು ನೋಡಿ, ಅಂಚು ನೋಡಿ ಅಂತ ನಾನು ಹೇಳಿದ್ದನ್ನು ಮಕ್ಕಳು ಅಂಚು ಗುಡಿಸಿ ಅಂತ ತೆಗೆದುಕೊಳ್ಳುವ ಅಪಾಯ ಇದೆ. ಈಗಿನ ಫೋನುಗಳಲ್ಲಿ ಬೇಡದ್ದನ್ನು ಬೆರಳಿನಲ್ಲಿ ಉಜ್ಜಿ ಅಳಿಸಿಬಿಡುವ ಸೌಲಭ್ಯವೂ ಬಂದಿದೆ. ಮೊಣಕೈ ಮಾಯ, ಕವರ್ ಮಾಯ, ಅಲ್ಲಿ ಇಲ್ಲದ ನೆಲವೊಂದು ಹುಟ್ಟಿಕೊಳ್ಳುತ್ತದೆ. ನಮ್ಮ ಪ್ರಾಜೆಕ್ಟಿನಲ್ಲಿ ಅದು ಪೂರ್ತಿ ನಿಷಿದ್ಧ. ಪತ್ರಿಕೆಗೆ ಹೋಗುವ ಮಕ್ಕಳು ಇವರು. ಕತ್ತರಿಸಬಹುದು, ಬೆಳಕು ಸ್ವಲ್ಪ ಸರಿಮಾಡಬಹುದು. ಇದ್ದದ್ದನ್ನು ಇಲ್ಲ ಅನ್ನಿಸುವ ಹಾಗಿಲ್ಲ.

ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದುಬಿತ್ತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಅನ್ನುವ ವಾದ ವರ್ಷಗಟ್ಟಲೆ ನಡೆದಿದೆ. ಅಂಥ ಜಾಗದಲ್ಲಿ ಬಣ್ಣದ ರಾಶಿ ಮಾತ್ರ ಚೊಕ್ಕವಾಗಿ ತೆಗೆದು ತಂದರೆ ಆ ಜಾಗದ ಬಗ್ಗೆ ಏನು ಹೇಳಿದ ಹಾಗಾಯಿತು? ಬಾಳೆಹಣ್ಣಿನ ಸಾಲು ಆರಿಸಿಕೊಂಡಿದ್ದ ಒಬ್ಬಳು ನನ್ನ ಜೊತೆ ವಾದಕ್ಕೇ ನಿಂತಳು. ‘ಟಾರ್ಪಾಲು ತೆಗೆದರೆ ಸುಳ್ಳಾಗುತ್ತೆ ಮೇಡಂ. ಮಳೆ ಬಂದಾಗ ಅವರಿಗೆ ಅದೇ ಸೂರು.’ ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ‘ಹಾಗಾದರೆ ಅದು ಅಂಚಿನಲ್ಲಿ ಕದ್ದು ಇಣುಕೋದು ಬೇಡ, ಒಳಗೆ ಕರಿ’ ಅಂದೆ. ಅವಳು ಹಿಂದೆ ಸರಿದು, ಫೋನು ಉದ್ದಕ್ಕೆ ಹಿಡಿದು ತೆಗೆದಳು. ಮೇಲಿನ ಒಂದು ಪಾಲು ಪೂರ್ತಿ ಟಾರ್ಪಾಲು, ಬಿಸಿಲು ಅದರ ಮೂಲಕ ಇಳಿದು ನೀಲಿಯಾಗಿದೆ. ಅದರ ಕೆಳಗೆ ನೇತುಹಾಕಿದ ಬಾಳೆಗೊನೆಗಳು, ಹಳದಿ ಹಣ್ಣಿನ ಮೇಲೆ ಆ ನೀಲಿ ಬಿದ್ದು ಒಂಥರಾ ಹಸಿರಾಗಿದೆ. ತೀರಾ ಕೆಳಗೆ ಅಂಗಡಿಯ ಯಜಮಾನರು, ಗೊನೆಗಳ ನಡುವಿನ ಸಂದಿನಲ್ಲಿ, ಲೆಕ್ಕ ಬರೆಯುತ್ತಿದ್ದಾರೆ. ಮೊದಲಿನ ಚಿತ್ರಕ್ಕೆ ಕಂಟಕವಾಗಿದ್ದ ಟಾರ್ಪಾಲು ಇದರಲ್ಲಿ ಬೆಳಕಿನ ಮೂಲ. ಆ ವರ್ಷದ ಪ್ರಾಜೆಕ್ಟುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರ ಇದೇ. ಅಂಚು ನೋಡುವುದು ಅಂದರೆ ನಾನು ಅಂದುಕೊಂಡಿರುವುದು ಇದನ್ನೇ: ಒಳಗೆ ಬಂದದ್ದು ನೀನು ಕರೆದದ್ದರಿಂದ ಬಂದಿರಬೇಕು, ಹೊರಗೆ ಉಳಿದದ್ದು ನೀನು ಬಿಟ್ಟದ್ದರಿಂದ ಉಳಿದಿರಬೇಕು.

ಉದ್ದಕ್ಕೆ ಹಿಡಿಯುವುದರ ಬಗ್ಗೆ ಒಂದು ಮಾತು. ರೀಲ್ಸ್ ಬಂದ ಮೇಲೆ ಮಕ್ಕಳ ಕೈ ಫೋನನ್ನು ತಾನಾಗಿ ಉದ್ದಕ್ಕೇ ಹಿಡಿಯುತ್ತದೆ. ಹಿರಿಯ ಫೋಟೋಗ್ರಾಫರುಗಳು ಇದಕ್ಕೆ ಬೈಯುವುದನ್ನು ಕೇಳಿದ್ದೇನೆ, ನಾನು ಬೈಯುವುದಿಲ್ಲ. ಮಾರುಕಟ್ಟೆಯ ಓಣಿ ಕಿರಿದು, ಗೊನೆ ತೂಗುವುದು ಮೇಲಿಂದ ಕೆಳಗೆ, ಅಲ್ಲಿ ಉದ್ದದ ಚೌಕಟ್ಟೇ ಸರಿ. ಮೊಳ ಹಾಕುವ ಕೈಗೆ ಅಡ್ಡ ಬೇಕು. ಬೇಕಾದ್ದು ಯಾವುದು ಅಂತ ಕೇಳಿಕೊಂಡು ತಿರುಗಿಸಿದರೆ ಆಯಿತು.

ಅಂಕದ ಬಗ್ಗೆಯೂ ಹೇಳಬೇಕು, ಏಕೆಂದರೆ ಎಲ್ಲ ಕೆಡುವುದು ಅಲ್ಲೇ. ನಾನು ಬೇರೆ ಕಡೆ ಪರೀಕ್ಷಕಿಯಾಗಿ ಹೋದಾಗ ಕೈಗೆ ಕೊಟ್ಟ ಒಂದು ಹಾಳೆಯಲ್ಲಿ ಕೋಷ್ಟಕವಿತ್ತು: ರೂಲ್ ಆಫ್ ಥರ್ಡ್ಸ್ ಬಳಸಿದ್ದಾರೆಯೇ, ಎರಡು ಅಂಕ, ಫ್ರೇಮಿಂಗ್ ಬಳಸಿದ್ದಾರೆಯೇ, ಎರಡು ಅಂಕ. ಹೀಗೆ ಲೆಕ್ಕ ಹಾಕಿದರೆ ಮೊಳದ ಚಿತ್ರಕ್ಕೆ ಎರಡು ಅಂಕ ಬರಬಹುದು, ಟಾರ್ಪಾಲಿನ ಚಿತ್ರಕ್ಕೆ ನಾಲ್ಕು, ಇಂಟರ್‌ನೆಟ್ಟಿನ ಮಾದರಿ ನೋಡಿ ನಕಲು ಮಾಡಿದ ಚಿತ್ರಕ್ಕೆ ಪೂರ್ತಿ ಹತ್ತು. ಇದು ಅನ್ಯಾಯ. ನಾನು ಅಂಕ ಕೊಡುವುದು ಕೊನೆಯ ಚಿತ್ರಗಳಿಗೆ ಅರ್ಧ, ಬಿಟ್ಟ ಚಿತ್ರಗಳಿಗೆ ಅರ್ಧ. ಒಂದೊಂದು ಜಾಗದಲ್ಲಿ ತೆಗೆದ ಎಲ್ಲವನ್ನೂ ತೆಗೆದ ಕ್ರಮದಲ್ಲೇ ಹಾಳೆಯ ಮೇಲೆ ಸಣ್ಣಸಣ್ಣದಾಗಿ ಪ್ರಿಂಟ್ ಹಾಕಿ ತರಬೇಕು, ಫಿಲ್ಮಿನ ಕಾಲದ ಕಾಂಟ್ಯಾಕ್ಟ್ ಶೀಟಿನ ಹಾಗೆ. ಅದರಲ್ಲಿ ಹುಡುಗಿ ಯಾವಾಗ ಕೂತಳು, ಯಾವಾಗ ಹಿಂದೆ ಸರಿದಳು, ಯಾವಾಗ ಅಂಚು ನೋಡಲು ಶುರುಮಾಡಿದಳು ಎಲ್ಲ ಕಾಣುತ್ತದೆ. ಒಬ್ಬನ ಹಾಳೆಯಲ್ಲಿ ಸಾಲಾಗಿ ಒಂದೇ ಜಾಗದಿಂದ ತೆಗೆದ ಚಿತ್ರಗಳಿದ್ದರೆ, ಕೊನೆಯದು ಎಷ್ಟೇ ಚೆನ್ನಾಗಿರಲಿ, ಅವನನ್ನು ಮತ್ತೆ ಕಳಿಸುತ್ತೇನೆ.

ಈ ಸಲದ ಬ್ಯಾಚಿಗೆ ಮಾರುಕಟ್ಟೆ ಬಿಟ್ಟು ಸಿಟಿ ಬಸ್ ಸ್ಟ್ಯಾಂಡ್ ಕೊಟ್ಟಿದ್ದೇನೆ. ಅಲ್ಲಿ ಕಷ್ಟ ಹೆಚ್ಚು, ಏಕೆಂದರೆ ಅಂಚಿನಿಂದ ಯಾರಾದರೂ ಒಳಗೆ ಬರುತ್ತಲೇ ಇರುತ್ತಾರೆ, ಹೊರಗೆ ಹೋಗುತ್ತಲೇ ಇರುತ್ತಾರೆ. ಅದಕ್ಕೆ ಮೊದಲು ಎಲ್ಲರಿಗೂ ಫ್ರೆಂಚ್ ಫೋಟೋಗ್ರಾಫರ್ ಹೆನ್ರಿ ಕಾರ್ತಿಯೇ-ಬ್ರೆಸ್ಸೋನ್ 1932ರಲ್ಲಿ ಪ್ಯಾರಿಸಿನ ಸೇಂಟ್-ಲಾಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ ಚಿತ್ರ ತೋರಿಸಿದೆ. ನಿಂತ ನೀರಿನ ಮೇಲೆ ಒಬ್ಬ ಹಾರುತ್ತಿದ್ದಾನೆ, ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಒಬ್ಬ ನರ್ತಕಿಯೂ ಹಾಗೇ ಹಾರುತ್ತಿದ್ದಾಳೆ. ಎಲ್ಲರೂ ಹಾರುವವನನ್ನು ನೋಡಿದರು, ಪೋಸ್ಟರನ್ನು ಒಬ್ಬಿಬ್ಬರು ಕಂಡರು. ಆಮೇಲೆ ಅಂಚಿನ ಕಥೆ ಹೇಳಿದೆ. ತೆಗೆದ ಚಿತ್ರವನ್ನು ಕತ್ತರಿಸಬಾರದು ಅನ್ನುವ ಹಠದ ಮನುಷ್ಯ ಅವರು. ಚಿತ್ರಕಾರ ಆಂದ್ರೆ ಲೋತ್ ಹತ್ತಿರ ಬಣ್ಣದ ಚಿತ್ರ ಬರೆಯಲು ಕಲಿತು, ಸಂಯೋಜನೆಯ ಶಿಸ್ತನ್ನು ಅಲ್ಲಿಂದ ತಂದಿದ್ದರು. ಆದರೆ ಈ ಚಿತ್ರ ತೆಗೆದದ್ದು ಬೇಲಿಯ ಹಲಗೆಗಳ ಸಂದಿನಿಂದ. ಲೆನ್ಸಿಗೆ ಪೂರ್ತಿ ಜಾಗ ಸಿಗದೆ ಒಂದು ಬದಿಗೆ ಹಲಗೆ ಅಡ್ಡ ಬಂದಿತ್ತು, ಹಾಗಾಗಿ ಅವರು ಕತ್ತರಿಸಿದ ತೀರಾ ಅಪರೂಪದ ಚಿತ್ರಗಳಲ್ಲಿ ಇದೂ ಒಂದು.

ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳು ಮಾಡಬೇಕಾದ್ದು ಇಷ್ಟು: ಮೊದಲು ನಾಲ್ಕು ಅಂಚು ಗೊತ್ತುಮಾಡಿಕೊಂಡು ಒಂದು ಕಂಬಕ್ಕೋ ಗೋಡೆಗೋ ಒರಗಿ ನಿಲ್ಲುವುದು. ಒಳಗೆ ಏನೇನು ಸ್ಥಿರವಾಗಿದೆ, ಬೋರ್ಡು, ಕಂಬಿ, ಪ್ಲಾಟ್‌ಫಾರಂ ನಂಬರು, ಅದನ್ನು ಸರಿಯಾಗಿ ಕೂರಿಸಿಕೊಳ್ಳುವುದು. ಆಮೇಲೆ ಯಾರಾದರೂ ಬಂದು ಆ ಖಾಲಿ ಜಾಗದಲ್ಲಿ ಕಾಲಿಡುವವರೆಗೆ ಕಾಯುವುದು. ಜನರ ಮುಖ ಹತ್ತಿರದಿಂದ ಬರುವುದಾದರೆ ಮುಂಚೆ ಹೋಗಿ ಕೇಳಬೇಕು. ಡ್ರೈವರ್, ಕಂಡಕ್ಟರುಗಳಿಗೆ ತೊಂದರೆಯಾಗಬಾರದು. ಮೊದಲ ಹಾಳೆಗಳು ಮುಂದಿನ ಗುರುವಾರ ಬರುತ್ತವೆ. ಇಬ್ಬರು ಈಗಾಗಲೇ ಬಂದು, ಬೆಳಗ್ಗೆ ಆರೂವರೆಗೆ ಹೂವಿನ ಬುಟ್ಟಿಗಳು ಬಸ್ಸಿನಿಂದ ಇಳಿಯುತ್ತವೆ, ಅದೊಂದನ್ನೇ ತೆಗೆಯಬಹುದಾ ಅಂತ ಕೇಳಿಕೊಂಡು ಹೋಗಿದ್ದಾರೆ. ತೆಗೆಯಿರಿ, ಆದರೆ ಇಬ್ಬರೂ ಬೇರೆಬೇರೆ ಕಂಬದ ಹತ್ತಿರ ನಿಲ್ಲಬೇಕು ಅಂದಿದ್ದೇನೆ.